ಶೀತದಲ್ಲೂ ಸಾಯದ ಬ್ಯಾಟರಿ

“ನೀ ಮೊದ್ಲು ಒಳಗೆ ಹೋಗು! ಬಾಗ್ಲು ನಾ ಹಾಕ್ತೆ. ನಿನ್ನ ಗುಂಡಿ ಕೂಗ್ತದೋ ಇಲ್ವೋ, ಆಗ ನೋಡ್ವ!”

“ಲಕ್ಕಕ್ಕಾ, ಸಿಟ್ಟು ಮಾಡಬೇಡ...”

“ಸಿಟ್ಟು ಮಾಡ್ದೆ ನಿಂಗೆ ಆರತಿ ಎತ್ತೂದಾ? ಹೋದ ಸಲ ತಂದದ್ದು ಹಲ್ಲಿ ಲೊಚಗುಟ್ಟಿದಷ್ಟೂ ಸದ್ದು ಮಾಡ್ಲಿಲ್ಲ!”

ಹೊನ್ನಾವರದ ಬಂದರಿನ ಹತ್ತಿರದ ಮೀನಿನ ಶೀತಲಗೃಹ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಇವತ್ತಿನ ಪರೀಕ್ಷೆ ನೋಡಿ ಬರೆಯಲು ನಾನೂ ಬಂದಿದ್ದೇನೆ. ಬೈಯುತ್ತಿರುವವಳು ಮಾವಳ್ಳಿಯ ಲಕ್ಕಿ, ಇಲ್ಲಿ ಮೀನಿನ ಪೆಟ್ಟಿಗೆ ಜೋಡಿಸುವವಳು. ಬೈಸಿಕೊಳ್ಳುತ್ತಿರುವವನು ಹಳದೀಪುರದ ರವೀಂದ್ರ. ಕುಮಟಾದ ಒಂದು ಸಣ್ಣ ಕಾರ್ಖಾನೆಯಲ್ಲಿ ಬ್ಯಾಟರಿಗೆ ಬೇಕಾದ ಲೋಹ ಕರಗಿಸುವುದು ಅವನ ಕೆಲಸ.

ಲಕ್ಕಿಯ ಸಿಟ್ಟು ನ್ಯಾಯವಾದದ್ದು. ಕಳೆದ ಮಳೆಗಾಲದಲ್ಲಿ ಕೋಣೆಯ ಹಿಂಬದಿಯಲ್ಲಿ ಪೆಟ್ಟಿಗೆಗಳು ಜಾರಿ ಅವಳ ಕಾಲ ಮೇಲೆ ಬಿದ್ದವು. ಕೊರಳಲ್ಲಿ ಒಂದು ಗುಂಡಿ ಇತ್ತು; ಅದನ್ನು ಒತ್ತಿದರೆ ಹೊರಗೆ ಗಂಟೆ ಹೊಡೆಯಬೇಕು. ಒತ್ತಿದಳು, ಹೊಡೆಯಲಿಲ್ಲ. ಬ್ಯಾಟರಿ ಚಳಿಗೆ ಸೋತಿತ್ತು. ಜೊತೆಗೆ ಕೆಲಸ ಮಾಡುವ ಅಂಕಿತಾ ಏನೋ ನೆನಪಾಗಿ ಬಾಗಿಲು ತೆಗೆದದ್ದಕ್ಕೆ ಲಕ್ಕಿ ಬದುಕಿದಳು. ಹೆಂಗಸರ ಕೊರಳಿಗೆ ಗುಂಡಿ ಕಟ್ಟಿ ಒಳಗೆ ಕಳಿಸಿದವರಿಗೆ, ಅದು ಆ ಚಳಿಯಲ್ಲಿ ನಡೆಯುತ್ತದೆಯೇ ಎಂದು ನೋಡುವಷ್ಟು ಬುದ್ಧಿ ಇರಲಿಲ್ಲ. ಇದನ್ನು ಮೆತ್ತಗೆ ಹೇಳಲು ನನಗೆ ಬಾರದು.

ಆಮೇಲೆ ಚಳಿ ತಾಳುವ ಬ್ಯಾಟರಿ ಮಾಡುವ ಕೆಲಸ ಕುಮಟಾದ ಆ ಕಾರ್ಖಾನೆಗೆ ಬಂತು. ಈ ಬ್ಯಾಟರಿಯೊಳಗಿನ ಮಿಶ್ರಲೋಹ ಜಲಜನಕವನ್ನು ಹೀರಿ ಇಟ್ಟುಕೊಳ್ಳುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ಚಳಿಯಲ್ಲಿ ಬಿಟ್ಟುಕೊಡಲು ಸತಾಯಿಸುತ್ತದೆ. ನಿಕ್ಕಲ್ ಮುಖ್ಯವಾಗಿರುವ ಆ ಲೋಹಕ್ಕೆ ಚೂರು ತಾಮ್ರ ಸೇರಿಸಿದರೆ ಅದರ ಕಣಗಳ ಮೈಮೇಲೆ ಸಣ್ಣ ಸಣ್ಣ ದಾರಿಗಳು ತೆರೆದುಕೊಂಡು ಕೆಲಸ ಸಲೀಸಾಗುತ್ತದೆ. ಹೆಚ್ಚಾದರೆ ಬ್ಯಾಟರಿ ಬೇಗ ಖಾಲಿ. ಎಷ್ಟು ಹಾಕಬೇಕೆಂದು ಲೆಕ್ಕ ಹಾಕಿದವರು ಕಾರ್ಖಾನೆಯ ಎಂಜಿನಿಯರ್ ದೀಪಿಕಾ. ಆ ಚೂರನ್ನು ಇಡೀ ಲೋಹದಲ್ಲಿ ಸಮನಾಗಿ ಬೆರೆಸುವುದು ರವೀಂದ್ರನ ಪಾಲು. ಗಾಳಿ ಸೋಕದ ಕುಲುಮೆಯಲ್ಲಿ ಕರಗಿಸಬೇಕು, ಗಟ್ಟಿಯಾದ ಬಿಲ್ಲೆಯನ್ನು ಮಗುಚಬೇಕು, ಮತ್ತೆ ಕರಗಿಸಬೇಕು. “ದೋಸೆ ಮಗುಚಿದ ಹಾಗೇಯ. ಒಂದು ಬದಿ ಹಸಿ ಉಳಿದ್ರೆ ಎಲ್ಲಾ ಹಾಳು,” ಅನ್ನುತ್ತಾನೆ. ಮೊದಲು ಅವನು ದೋಣಿಗಳ ಹಿತ್ತಾಳೆ ಪಂಖ ಎರಕ ಹೊಯ್ಯುತ್ತಿದ್ದವನು. ಕುಲುಮೆಯ ಮುಂದೆ ಕೂತು ಕೂತು ಮುಂಗೈ ಮೇಲೆ ಕೂದಲೇ ಇಲ್ಲ.

ಮೊದಲ ಸಲ ಕೆಟ್ಟದ್ದು ಅವನಿಂದಲೇ. ತಾಮ್ರದ ತುಂಡು ಕಪ್ಪಾಗಿ ಕಂಡಿತು. ಮನೆಯ ಬಚ್ಚಲ ಹಂಡೆ ಬೆಳಗುವ ಹಾಗೆ ಹುಣಸೆಹುಳಿ, ಉಪ್ಪು ಹಾಕಿ ಫಳಫಳ ತಿಕ್ಕಿಬಿಟ್ಟ. ತೊಳೆದರೂ ಸಂದಿಯಲ್ಲಿ ಉಪ್ಪು ಉಳಿದಿತ್ತು. ಆ ಲೋಹದಿಂದ ಮಾಡಿದ ಬ್ಯಾಟರಿಗಳು ಇಲ್ಲಿನ ಮೊದಲ ಪರೀಕ್ಷೆಯಲ್ಲೇ ಮಲಗಿದವು.

“ರವಿಯಣ್ಣ, ಎಂತ ಮಾರಾಯಾ! ದೀಪಾವಳಿ ಸ್ನಾನಕ್ಕೆ ತಯಾರಿ ಮಾಡಿದ್ಯಾ?” ಎಂದರಂತೆ ದೀಪಿಕಾ. ಹೇಳುವಾಗ ರವೀಂದ್ರ ನಗುತ್ತಾನೆ. “ಹೊಳೀಬೇಕು ಅಂತ ಆಸೆ ಆತು. ಈಗ ಬರೀ ಅರದಲ್ಲಿ ತಿಕ್ತೆ, ಹುಳಿ ಸಾರಿಗೆ ಮಾತ್ರ.”

ಈಗ ಎರಡನೇ ಸಲ. ಹೊಸ ಗುಂಡಿಗಳು ರಾತ್ರಿಯಿಡೀ ಒಳಗೆ ಮೀನಿನ ಪೆಟ್ಟಿಗೆಗಳ ಮೇಲೆ ನೇತಾಡಿವೆ. ರವೀಂದ್ರ ದಪ್ಪ ಕೋಟು ಹಾಕಿಕೊಂಡು ಒಳಗೆ ಹೋಗುತ್ತಾನೆ. ಲಕ್ಕಿ ಧಡಾರನೆ ಬಾಗಿಲು ಹಾಕುತ್ತಾಳೆ.

ಸದ್ದಿಲ್ಲ. ಅಂಕಿತಾ ಉಗುರು ಕಚ್ಚುತ್ತಾಳೆ. ಲಕ್ಕಿ ಬಾಗಿಲಿನ ಹಿಡಿಯ ಮೇಲೆ ಕೈ ಇಟ್ಟು, “ಇಂವ ಒಳಗೇ ನಿದ್ದೆ ಹೋದ್ನಾ ಎಂತ?” ಅನ್ನುತ್ತಾಳೆ. ಅವಳ ಧ್ವನಿಯಲ್ಲಿ ಈಗ ಸಿಟ್ಟಿಲ್ಲ.

ಗಂಟೆ ಹೊಡೆಯುತ್ತದೆ. ಕಿವಿ ಕಿತ್ತುಹೋಗುವಂತೆ. ನಿಲ್ಲುತ್ತದೆ, ಇನ್ನೊಂದು ಗುಂಡಿಯಿಂದ ಮತ್ತೆ ಹೊಡೆಯುತ್ತದೆ, ಮತ್ತೊಂದರಿಂದ ಮತ್ತೆ. ಒಂದೂ ಬಿಡದೆ ಎಲ್ಲ ಕೂಗುತ್ತವೆ. ಅಂಕಿತಾ ನೆಲದ ಮೇಲೆ ಕೂತೇ ಬಿಡುತ್ತಾಳೆ, ಅಳುತ್ತಾಳೋ ನಗುತ್ತಾಳೋ ತಿಳಿಯದು. ಬಾಗಿಲು ತೆಗೆದರೆ ರವೀಂದ್ರನ ಹುಬ್ಬು ಮಂಜುಗಟ್ಟಿ ಬೆಳ್ಳಗೆ.

“ಅಜ್ಜ ಆಗಿ ಬಂದ್ಯಲ್ಲೋ ತಮ್ಮಾ!” ಲಕ್ಕಿ ಸೆರಗಿನಿಂದ ಅವನ ಮುಖ ಒರೆಸುತ್ತಾಳೆ.

ಇನ್ನೇನು ಆಸೆ ಎಂದು ಅವನನ್ನು ಕೇಳುತ್ತೇನೆ. ಬಿಸಿ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಹೇಳುತ್ತಾನೆ: “ಯಾರೂ ಇದ್ನ ಒತ್ತೂ ಹಂಗೆ ಆಗೂದು ಬೇಡ. ಕೊರಳಲ್ಲಿ ಸುಮ್ನೆ ಇರ್ಲಿ.”

ಲಕ್ಕಿ ಒಂದು ಗುಂಡಿಯನ್ನು ಅಂಕಿತಾಳ ಕೊರಳಿಗೆ ಹಾಕುತ್ತಾಳೆ, ದಾರ ಎಳೆದು ನೋಡುತ್ತಾಳೆ. ಉಳಿದವನ್ನು ಬೇರೆ ಹೆಂಗಸರ ಕೈಗೆ ಕೊಡುತ್ತಾಳೆ. ತನಗೆಂದು ಒಂದನ್ನೂ ಇಟ್ಟುಕೊಳ್ಳುವುದಿಲ್ಲ.

“ನಿಂದೆಲ್ಲಿ, ಲಕ್ಕಕ್ಕಾ?” ಅಂಕಿತಾ ಕೇಳುತ್ತಾಳೆ.

“ನಂಗೆ ಎಂತಕ್ಕೆ? ಆ ದಿನದಿಂದ ಒಳಗೆ ಕಾಲಿಟ್ರೆ ಎದೆ ಹೊಡ್ಕೊಳ್ತದೆ. ಆದ್ರೆ ಈ ಹುಡ್ಗೀರ್ನ ಕೆಲ್ಸಕ್ಕೆ ಕರ್ಕೊಂಬಂದವ್ಳು ನಾನು. ಮೂಕ ಗುಂಡಿ ಕಟ್ಟಿ ಬಿಟ್ಟು ಹೋಗೂಕೆ ಮನಸ್ಸು ಬರ್ಲಿಲ್ಲ. ಈಗ ಆತು, ನಾ ಕೆಲ್ಸ ಬಿಡ್ತೆ.”

ಚಪ್ಪಲಿ ಮೆಟ್ಟಿ, ಬೆಳಗಿನ ಬಿಸಿಲಿಗೆ ಮುಖವೊಡ್ಡಿ ಹೆದ್ದಾರಿಯ ಕಡೆ ನಡೆಯುತ್ತಾಳೆ. ಮಾವಳ್ಳಿ ಕಡೆಯ ಬಸ್ಸು ಬರುತ್ತದೆ, ಹತ್ತುತ್ತಾಳೆ. ಆಮೇಲೆ ಅವಳು ಆ ಕೋಣೆಯ ಕಡೆ ಬಂದಿಲ್ಲ.