ಬಾಗಿಲ ಮೇಲಿನ ಕೈ

ಥಾಣೆಯಲ್ಲಿ ಮನೆಗಳ ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿದ್ದ ಕಾಲ ಅದು. ಮೂರನೇ ಮಾಳಿಗೆಯ ಗ್ಯಾಲರಿಯ ತುದಿಯಲ್ಲಿ ನಾವು, ಕುಂದಾಪುರದ ಕಡೆಯವರು. ಪಕ್ಕದಲ್ಲಿ ಹನ್ನಾ ಆಜಿ, ಮರಾಠಿ ಮಾತಾಡುವ ಯಹೂದಿ ಮುದುಕಿ. ಅಮ್ಮನ ಇಡ್ಲಿಹಿಟ್ಟಿನ ಹುಳಿ ವಾಸನೆಯೂ ಆಜಿ ಖರ್ಜೂರ ಕುದಿಸುವ ವಾಸನೆಯೂ ಗ್ಯಾಲರಿಯಲ್ಲಿ ಬೆರೆಯುತ್ತಿದ್ದವು. ನನಗೆ ಎಂಟು ವರ್ಷ ಇರಬೇಕು. 'ಇರಬೇಕು' ಎಂದೇ ಬರೆಯುತ್ತೇನೆ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ.

ಅವತ್ತು ಅಮ್ಮ ಕೊಟ್ಟ ಇಡ್ಲಿ ಡಬ್ಬಿ ಹಿಡಿದು ಹೋದಾಗ ಆಜಿ ಸ್ಟೂಲಿನ ಮೇಲೆ ನಿಂತು ಬಾಗಿಲ ಮೇಲೆ ಕಾಗದವೊಂದನ್ನು ಅಂಟಿಸುತ್ತಿದ್ದರು. ಅದರ ತುಂಬ ಕೆಂಪು ಅಂಗೈ ಗುರುತು.

"ಆಜ್ ನಕೋ ಬಾಳಾ. ಈ ವಾರ ಉಬ್ಬಿದ ಹಿಟ್ಟಿನದ್ದು ನಾವು ತಿನ್ನೋದಿಲ್ಲ."

"ಅದು ಬಣ್ಣವಾ ಆಜಿ?"

"ರಕ್ತ. ಆಡಿನದ್ದು."

ಕೆಳಗಿಳಿದು ಕತೆ ಹೇಳಿದರು. ನಾವು ಈಜಿಪ್ಟಿನಲ್ಲಿ ಗುಲಾಮರಾಗಿ ಇಟ್ಟಿಗೆ ಮಾಡುತ್ತಿದ್ದೆವು. ರಾಜ ಬಿಡಲೊಲ್ಲ. ದೇವರು ಏಟಿನ ಮೇಲೆ ಏಟು ಕೊಟ್ಟ. ಕಡೆಗೆ ಒಂದು ರಾತ್ರಿ ಮನೆಮನೆಯ ಚೊಚ್ಚಲ ಮಗು ಸತ್ತಿತು. ಬಾಗಿಲಿಗೆ ರಕ್ತ ಹಚ್ಚಿದ ಮನೆಗಳನ್ನು ಮಾತ್ರ ಸಾವು ದಾಟಿ ಹೋಯಿತು. ಹಿಟ್ಟು ಉಬ್ಬಲೂ ಕಾಯದೆ ನಾವು ಹೊರಟೆವು.

"ನೀವೂ ಇದ್ರಾ ಅಲ್ಲಿ?"

ಆಜಿ ನಕ್ಕರು. "ನಾನೇ ಹೊರಟು ಬಂದ ಹಾಗೆ ಹೇಳಬೇಕು, ಅದು ನಮ್ಮ ಕಟ್ಟಳೆ. ಬಿಡಿಸಿದವನನ್ನು ಮರೆತರೆ ಮತ್ತೆ ಗುಲಾಮರೇ." ಆಮೇಲೆ ದನಿ ತಗ್ಗಿತು. "ಸಂಜೆ ಒಂದೊಂದು ಏಟಿನ ಹೆಸರು ಹೇಳಿ ಶರಬತ್ತಿನ ಲೋಟದಿಂದ ಒಂದೊಂದು ಹನಿ ಚೆಲ್ಲುತ್ತೇವೆ. ಸತ್ತವೂ ಯಾರದೋ ಮಕ್ಕಳೇ ಅಲ್ವಾ?"

"ಯಾವತ್ತು ಆ ರಾತ್ರಿ?"

"ಇವತ್ತೇ, ಈ ಹುಣ್ಣಿಮೆ."

ನಮ್ಮ ಬಾಗಿಲಲ್ಲಿ ಮಾವಿನೆಲೆಯ ತೋರಣವಿತ್ತು, ಗಣಪತಿಯ ಸ್ಟಿಕ್ಕರ್ ಇತ್ತು. ಕೈ ಇರಲಿಲ್ಲ. ಮನೆಗೆ ಹಿರಿಯ ಮಗ ನಾನೇ. ಅಪ್ಪ ಮಾಜಿವಾಡಾದ ಹೋಟೆಲಿನ ಗಲ್ಲಾದಲ್ಲಿ. ಅಮ್ಮ ತರಕಾರಿಗೆ ಹೋಗಿದ್ದಳು. ಬಿಸಿಲು ನೀರಿನ ಟಾಂಕಿಯ ಹಿಂದೆ ಇಳಿಯುತ್ತಿತ್ತು. ಕುಂಕುಮ ಕಲಸಿ ಅಂಗೈಗೆ ಬಳಿದು ಬಾಗಿಲಿಗೆ ಒತ್ತಿದೆ. ನೀರು ಹೆಚ್ಚಾಗಿತ್ತು. ಬೆರಳುಗಳು ಒಂದೊಂದಾಗಿ ಕರಗಿ ಕೆಳಗೆ ಹರಿದವು.

ಸಂಗತಿ ಕೇಳಿದ ತಂಗಿ, ನಾನು ಸತ್ತರೆ ಸೈಕಲ್ ತನಗೆಂದು ಕುಣಿದಳು: "ತೂ ಮರೇಗಾ ತೋ ತೇರಾ ಸೈಕಲ್ ಮೇರಾ!"

ಮಂಚದಡಿ ನುಗ್ಗಿದೆ. ಹಳೇ ಪೇಪರು, ನುಸಿಗುಳಿಗೆಯ ವಾಸನೆ. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಅದು ಗ್ಯಾಲರಿಗೆ ಬಂತು. ಆಜಿಯ ಬಾಗಿಲನ್ನು ದಾಟಿತು. ನಮ್ಮ ಬಾಗಿಲಲ್ಲಿ ನಿಂತಿತು.

"ಎಂತ ಮಗಾ ಇದು? ಬಾಗಿಲೆಲ್ಲ ಕುಂಕುಮ!"

ಅಮ್ಮ. ಬಿಕ್ಕುತ್ತ ಎಲ್ಲ ಹೇಳಿದೆ. ಅವಳು ಚೀಲ ಇಳಿಸಿ ನೆಲದ ಮೇಲೆ ಕೂತಳು. ಮತ್ತೆ ಮಂಚದಡಿ ಬಗ್ಗಿ ಮೆಲ್ಲಗೆ ಅಂದಳು: "ಹೆದರಬೇಡ. ನೀನು ಚೊಚ್ಚಲು ಅಲ್ಲ. ನಿನಗಿಂತ ಮೊದಲು ಒಬ್ಬ ಹುಟ್ಟಿದ್ದ. ಉಳೀಲಿಲ್ಲ."

ತಕ್ಷಣ ಹೊರಬಂದೆ. ಆಜಿ ಬೇಡವೆಂದ ಇಡ್ಲಿಗಳನ್ನು ತಿಂದೆ. ಚೆನ್ನಾಗಿ ನಿದ್ದೆ ಬಂತು.

ಮುಂದೆ ಯೂನಿವರ್ಸಿಟಿಯಲ್ಲಿ ಇತಿಹಾಸ ಓದಿದೆ. ಆ ಮಹಾ ಹೊರಡುವಿಕೆಗೆ ಮರಳಿನಲ್ಲಿ ಪುರಾವೆ ಸಿಕ್ಕಿಲ್ಲ ಎಂದು ಗೆಳೆಯರೊಡನೆ ಜೋರಾಗಿ ವಾದಿಸಿದೆ. ಅದೇ ಹುರುಪಿನಲ್ಲಿ ಒಮ್ಮೆ, ಉಳಿಯದ ಆ ಮೊದಲ ಮಗುವಿನ ಬಗ್ಗೆ ಅಮ್ಮನನ್ನೂ ಕೇಳಿದೆ. ಉದ್ದು ತೊಳೆಯುತ್ತಿದ್ದವಳು ತಲೆಯೆತ್ತಲಿಲ್ಲ. "ನಾನೆಲ್ಲಿ ಹಾಗೆ ಹೇಳಿದೆ? ನೀನೇ ದೊಡ್ಡವ ಅಲ್ದಾ?"

ಅಮ್ಮ ಸುಳ್ಳು ಹೇಳಿದ್ದು ಆ ಸಂಜೆಯೋ, ಉದ್ದು ತೊಳೆಯುವಾಗಲೋ? ಅಥವಾ ಮಂಚದಡಿಯ ಕತ್ತಲಲ್ಲಿ ನಾನೇ ಅವನನ್ನು ಹುಟ್ಟಿಸಿಕೊಂಡೆನೋ? ಆಜಿ ಮಕ್ಕಳೊಂದಿಗೆ ಇಸ್ರೇಲಿಗೆ ಹೊರಟುಹೋದರು. ಆ ಕಟ್ಟಡವನ್ನು ಬಾಗಿಲುಗಳ ಸಮೇತ ಕೆಡವಿದರು. ಇನ್ನೊಮ್ಮೆ ಕೇಳೋಣವೆಂದರೆ ಅಮ್ಮನೂ ಇಲ್ಲ. ತಂಗಿಗೆ ನೆನಪಿರುವುದು ಸೈಕಲ್ ಮಾತ್ರ.

ನೆರೂಳಿನ ನನ್ನ ಬಾಡಿಗೆ ಕೋಣೆಯ ಬಾಗಿಲು ಸದಾ ಮುಚ್ಚಿರುತ್ತದೆ. ಆ ಹುಣ್ಣಿಮೆಯ ಸಂಜೆ ಲಿಫ್ಟು ನಮ್ಮ ಮಾಳಿಗೆಯಲ್ಲಿ ನಿಂತರೆ ಇವತ್ತಿಗೂ ಉಸಿರು ಹಿಡಿಯುತ್ತೇನೆ. ಹೆಜ್ಜೆಗಳು ಮುಂದೆ ಸಾಗಿದ ಮೇಲೆ ಚಹಾದ ಲೋಟದಿಂದ ಒಂದು ಹನಿ ಚೆಲ್ಲುತ್ತೇನೆ, ಇದ್ದನೋ ಇಲ್ಲವೋ ತಿಳಿಯದ ಅಣ್ಣನಿಗೆ.