ಕೀಲಿಕೈ ಕಬ್ಬಿನ ಹೊಲದಲ್ಲಿತ್ತು

ಕೊರೊನಾ ಮುಗಿದ ಮರುವರ್ಷ ನಾನು ಶಿಗ್ಗಾಂವಿ ತಾಲೂಕಿನ ತಾಂಡಾಗಳಲ್ಲಿ ಹೆಂಗಸರ ಉಳಿತಾಯ ಸಂಘಗಳನ್ನು ನೋಡಿಕೊಳ್ಳುತ್ತಿದ್ದೆ. ಸಂಬಳ ಕೊಡುವ ಸಂಸ್ಥೆಯವರು ನನ್ನನ್ನು ಪ್ರೇರಕಿ ಎನ್ನುತ್ತಿದ್ದರು. ನನಗೆ ಸಹಿ ಬರುತ್ತದೆ, ಬಸ್ಸಿನ ಬೋರ್ಡು ಓದಲು ಬರುತ್ತದೆ. ಆ ಕೆಲಸಕ್ಕೆ ಅಷ್ಟು ಸಾಕಿತ್ತು. ಉಳಿದದ್ದೆಲ್ಲ ಬಾಯಿಂದ ಆಗುವುದು.

ಗೊಟಗೋಡಿ ಕಡೆಯ ಒಂದು ಲಂಬಾಣಿ ತಾಂಡಾದವರು ಬ್ಯಾಂಕಿಗೆ ಒಲ್ಲೆ ಎಂದರು. ಹೋಗಿಬರುವುದರೊಳಗೆ ಒಂದು ದಿನದ ಕೂಲಿ ಹೋಗುತ್ತದೆ ಎಂಬುದು ಅವರ ಲೆಕ್ಕ. ಅದು ಸುಳ್ಳಲ್ಲ. ಹಾಗಾಗಿ ತಗಡಿನ ಪೆಟ್ಟಿಗೆ ತಂದು, ಮೇಲೆ ರೊಕ್ಕ ಹಾಕಲು ಸೀಳು ಬಿಟ್ಟು, ಮೂರು ಕೀಲಿ ಜಡಿದೆವು. ಮೂರು ಕೀಲಿಕೈ ಮೂವರ ಹತ್ತಿರ. ಮೂವರೂ ಕೂಡದೆ ಪೆಟ್ಟಿಗೆ ತೆರೆಯುವಂತಿಲ್ಲ.

ನಂಬಿಗಸ್ತರನ್ನು ಆರಿಸಿರಿ ಎಂದಾಗ ಅವರು ಸೋಮ್ಲಿಬಾಯಿ, ಅವಳ ನೆಗೆಣ್ಣಿ ಗಂಗೀಬಾಯಿ, ಮತ್ತೆ ಧಾನೀಬಾಯಿ ಎಂದರು. ಮೂವರೂ ಗಟ್ಟಿ ದುಡಿಯುವವರು. ಎಡವಿದ್ದು ಅಲ್ಲೇ. ತಾಂಡಾದಲ್ಲಿ ಗಟ್ಟಿ ದುಡಿಯುವವರೇ ಕಬ್ಬು ಕಡಿಯಲು ಮೊದಲು ಟ್ರಕ್ ಹತ್ತುವವರು. ದೀಪಾವಳಿ ಮುಗಿದದ್ದೇ ತಡ, ಸೋಮ್ಲಿ, ಗಂಗಿ ಇಬ್ಬರೂ ಕೀಲಿಕೈ ಸೊಂಟಕ್ಕೆ ಕಟ್ಟಿಕೊಂಡೇ ಬೆಳಗಾವಿ ಕಡೆ ಹೋದರು. ಸೊಸೆ ಶಾಂತಿಯ ಹೆರಿಗೆ ಇತ್ತೆಂದು ಧಾನೀಬಾಯಿ ಉಳಿದಳು, ಪೆಟ್ಟಿಗೆಯೂ ಅವಳ ಮನೆಯಲ್ಲೇ ಉಳಿಯಿತು.

ನಾನು ಹೋದ ದಿನ ಶಾಂತಿಗೆ ಬೇನೆ ಎದ್ದಿತ್ತು. ಕೂಸು ಅಡ್ಡ ಇದೆ, ತಡಮಾಡದೆ ಹುಬ್ಬಳ್ಳಿಗೆ ಒಯ್ಯಿರಿ ಎಂದು ಆಶಾ ಕಾರ್ಯಕರ್ತೆ ಹೇಳಿದಳು. ಆಂಬ್ಯುಲೆನ್ಸ್ ಬೇರೆ ಊರಿಗೆ ಹೋಗಿತ್ತು. ಟೆಂಪೋದವನು ಡೀಸೆಲ್ಲಿಗೆ ರೊಕ್ಕ ಕೇಳಿದ. ನನ್ನ ಹತ್ತಿರ ಬಸ್ ಚಾರ್ಜ್ ಬಿಟ್ಟರೆ ಏನೂ ಇಲ್ಲ.

ಧಾನೀಬಾಯಿ ಕಾಲಿನ ಬೆಳ್ಳಿ ಕಡಗ ಬಿಚ್ಚತೊಡಗಿದಳು.

“ಸಾವಕಾರನ ಹಂತ್ಯಾಕ ಇಟ್ಟು ಬರ್ತೇನಿ.”

“ಅಂವ ಬಂಕಾಪುರಕ್ಕ ಹೋಗ್ಯಾನ, ಸಂಜೀಕ ಬರ್ತಾನ. ಅಲ್ಲೀತನಕ ಕೂಸು ಕಾಯ್ತೈತೇನ? ಪೆಟಗಿ ಒಡಿ,” ಎಂದೆ ನಾನು.

“ಒಲ್ಲೆ ಯವ್ವಾ. ನನ್ನ ಸೊಸಿಗಂತ ನಾನ ಒಡದೆ ಅಂದ್ರ ನಾಳೆ ತಾಂಡಾ ನನ್ನ ಕಳ್ಳಿ ಅಂತೈತಿ.”

“ಸೊಸಿ ಸತ್ತರ ಏನಂತೈತಿ?”

ಅವಳು ಕಡಗ ತಿರುವುತ್ತಲೇ ಇದ್ದಳು. ನಾನು ಸೋಮ್ಲಿಗೆ ಫೋನು ಹಚ್ಚಿದೆ. ರಿಂಗ್ ಆಗಿ ಆಗಿ ನಿಂತಿತು. ಒಳಗೆ ಶಾಂತಿ ಚೀರುತ್ತಿದ್ದಳು. ಕುಳಿತಲ್ಲಿ ಕೂರಲಾರದೆ ಅಂಗಳ ಸುತ್ತುತ್ತ ನಂಬರ್ ಒತ್ತುತ್ತಲೇ ಇದ್ದೆ. ಕಡೆಗೆ ಎತ್ತಿದಳು. ಸಂಗತಿ ಕೇಳಿ ಗಂಗಿಯನ್ನೂ ಹತ್ತಿರ ಕರೆದಳು. ನಾನು ಸ್ಪೀಕರ್ ಹಾಕಿದೆ.

“ಧಾನಿ, ಮುಂಜಾನಿಂದ ಪೆಟಗಿ ಕಾಯಾಕತ್ತೀಯೇನ? ಅದಕ್ಕ ಒಂದು ನಾಯಿ ಸಾಕಿದ್ರ ಸಾಕಾಗಿತ್ತಲ್ಲ! ಒಡಿ. ನಾವಿಬ್ಬರೂ ಇಲ್ಲಿಂದ ಕೇಳ್ತೇವಿ, ನಾವ ಸಾಕ್ಷಿ,” ಎಂದಳು ಸೋಮ್ಲಿ.

ಧಾನೀಬಾಯಿ ತನ್ನ ಕೀಲಿಯನ್ನು ಕೀಲಿಕೈಯಿಂದಲೇ ತೆಗೆದಳು. ಉಳಿದೆರಡನ್ನು ಕೊಡಲಿಯ ಹಿಂಬದಿಯಿಂದ ಹೊಡೆದು ಮುರಿದಳು. ಆಮೇಲೆ ಒಂದೊಂದು ನೋಟನ್ನೂ ಫೋನಿನ ಎದುರು ಹಿಡಿದು ಕೂಗಿ ಹೇಳತೊಡಗಿದಳು. ನನಗೆ ಮೈಯೆಲ್ಲ ಉರಿಯಿತು. ಟೆಂಪೋದಲ್ಲಿ ಕೂಗುವಿಯಂತೆ ಎಂದು ರಟ್ಟೆ ಹಿಡಿದು ಎಬ್ಬಿಸಿದೆ.

ಹುಬ್ಬಳ್ಳಿಯಲ್ಲಿ ಹೊಟ್ಟೆ ಕೊಯ್ದು ತೆಗೆದರು. ಹೆಣ್ಣು ಕೂಸು. ತಾಯಿ ಮಗಳು ಇಬ್ಬರೂ ಉಳಿದರು. ಇನ್ನಷ್ಟು ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ಕಬ್ಬಿನವರು ತಿರುಗಿ ಬಂದ ಮೇಲೆ ಸಂಘ ಕೂಡಿಸಿದೆ. ಹೊಸ ಕೀಲಿಕೈಗಳನ್ನು ದುಡಿಯಲು ಊರು ಬಿಟ್ಟು ಹೋಗದವರಿಗೇ ಕೊಡಿಸಿದೆ. ಒಬ್ಬಳಿಗೆ ಮೊಣಕಾಲು ನೋವು, ಒಬ್ಬಳಿಗೆ ಕಣ್ಣು ಮಂಜು, ಇನ್ನೊಬ್ಬಳ ಜೊತೆ ಅರ್ಧ ತಾಂಡಾ ಮಾತು ಬಿಟ್ಟಿದೆ.

“ಇವ್ರ ಕೈಯಾಗೇನ್ರಿ, ಅಕ್ಕಾರ?” ಎಂದು ಸೋಮ್ಲಿ ಮೂಗು ಮುರಿದಳು.

ನಂಬಿಗಸ್ತರನ್ನು ಆರಿಸಿ ಎಂದಷ್ಟೇ ನಮಗೆ ತರಬೇತಿಯಲ್ಲಿ ಹೇಳಿದ್ದರು. ಕೆಲಸ ನನಗೆ ಕಲಿಸಿದ್ದು ಇಷ್ಟು: ಕೂಡಿಟ್ಟ ರೊಕ್ಕ ಬೇನೆ ಬಂದ ಹೊತ್ತಿಗೆ ಕೈಗೆ ಸಿಗಬೇಕು. ಈ ಮೂವರು ದಿನಾ ಕಚ್ಚಾಡುತ್ತಾರೆ. ಕಚ್ಚಾಡಲಿ. ಮನೆಯಲ್ಲಿರುತ್ತಾರೆ.