ಗಣಿತ ಅಂದ್ರ ಭಾಳ ಸೇರತೈತ್ರಿ

ಮೊನ್ನೆ ಹಾವೇರಿಯಲ್ಲಿ ಗೆಳತಿಯ ತಮ್ಮನ ಮದುವೆಗೆ ಹೋಗಿದ್ದೆ. ಬೀಗರ ಕೊರಳಿಗೆ ಏಲಕ್ಕಿ ಮಾಲೆ ಬಿದ್ದದ್ದೇ ತಡ, ಘಮ್ಮೆಂದು ವಾಸನೆ ಬಂತು. ಪಕ್ಕದವರು ಊಟದ ಪಂಕ್ತಿಯ ಬಗ್ಗೆ ಏನೋ ಕೇಳುತ್ತಿದ್ದರು. ನಾನಾಗಲೇ ಬ್ಯಾಡಗಿ ಸಮೀಪದ ನಮ್ಮ ಹೈಸ್ಕೂಲಿನ ಹತ್ತನೇ ತರಗತಿಯಲ್ಲಿ, ಗಣಿತದ ಅಕ್ಕೋರ ಮುಂದೆ ಕೂತಿದ್ದೆ…

ಕಲಿಸುವ ಹೆಣ್ಣುಮಕ್ಕಳನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತೇವೆ. ಇವರು ಗುತ್ತಲದವರು, ಗಿಡ್ಡ ಆಳು, ದೊಡ್ಡ ದನಿ. ಲೆಕ್ಕ ತಪ್ಪಿದರೆ ಬೈಯುತ್ತಿರಲಿಲ್ಲ, ನಗುತ್ತಿದ್ದರು. ಬೈದಿದ್ದರೇ ವಾಸಿ ಎನ್ನಿಸುತ್ತಿತ್ತು ನನಗೆ. ವಿಜ್ಞಾನ ಓದುವ ಆಸೆ ಬೆಟ್ಟದಷ್ಟು, ಆದರೆ ಗಣಿತವೆಂದರೆ ಅಷ್ಟೇ ಅಂಜಿಕೆ. ಇಡೀ ತರಗತಿಯಲ್ಲಿ ಅಂಜುಬುರುಕಿ ನಾನೊಬ್ಬಳೇ ಎಂದುಕೊಂಡು, ಮುಂದೆ ಆರ್ಟ್ಸ್ ತೆಗೆದುಕೊಳ್ಳುವುದೆಂದು ತೀರ್ಮಾನಿಸಿಬಿಟ್ಟಿದ್ದೆ.

ಆಗ ಸಂಶೋಧಕರೊಬ್ಬರು ಶಾಲೆಗೆ ಬಂದರು. ಜಪಾನ್, ಕೊರಿಯಾ, ಮಲೇಷ್ಯಾ, ನಮ್ಮ ದೇಶ… ಹೀಗೆ ಏಷ್ಯಾದ ಮಕ್ಕಳಿಗೆ ಗಣಿತ, ವಿಜ್ಞಾನವೆಂದರೆ ಎಷ್ಟು ಇಷ್ಟ, ಎಷ್ಟು ಭಯ ಎಂದು ಹೋಲಿಸಿ ನೋಡುವುದು ಅವರ ಕೆಲಸ. ನಮ್ಮ ಹೆಡ್‌ಮಾಸ್ತರರು ಇದನ್ನೂ ಅತಿಥಿ ಸತ್ಕಾರವೆಂದೇ ತಿಳಿದರು. ಹಿಂದಿನ ದಿನವೇ ನಮಗೆ ಉತ್ತರ ಬಾಯಿಪಾಠ ಮಾಡಿಸಿದ್ದರು. ಬಂದವರಿಗೆ ಶಾಲು ಹೊದಿಸಿ, ಏಲಕ್ಕಿ ಮಾಲೆ ಹಾಕಿ ಕೂರಿಸಿದರು. ಅವರು ಗಣಿತ ಇಷ್ಟವೇ ಎಂದು ಕೇಳಿದರು. ಮಾಲೆ ಹಾಕಿಸಿಕೊಂಡವರ ಮುಂದೆ ಇಲ್ಲ ಅನ್ನಲು ನಮಗಾದರೂ ಬಾಯಿ ಹೇಗೆ ಬರಬೇಕು?

"ಗಣಿತ ಅಂದ್ರ ಭಾಳ ಸೇರತೈತ್ರಿ!" ಎಂದು ಒಕ್ಕೊರಲಿನಿಂದ ಕೂಗಿದೆವು. ಎಲ್ಲರಿಗಿಂತ ಜೋರಾಗಿ ನಾನು.

ಅತಿಥಿಗಳು ಬೆರಗಾದರು. ಚೆನ್ನಾಗಿ ಅಂಕ ತೆಗೆಯುವ ಹೊರದೇಶದ ಮಕ್ಕಳೂ ಎಷ್ಟೋ ಸಲ ಗಣಿತ ಸೇರದು ಅನ್ನುತ್ತಾರಂತೆ; ಇಲ್ಲಿ ನೋಡಿದರೆ ಬೇಡ ಅನ್ನುವವರು ಒಬ್ಬರೂ ಇಲ್ಲ!

ಅಕ್ಕೋರು ತಡೆಯಲಾರದೆ ನಕ್ಕುಬಿಟ್ಟರು. "ಇದು ಖರೇ ಅಲ್ರಿ ಸರ್. ನಮ್ಮ ಹುಡುಗ್ರು ನಿಮಗ ಮರ್ಯಾದಿ ಕೊಟ್ಟಾರ, ಉತ್ತರ ಕೊಟ್ಟಿಲ್ಲ. ಹೆಡ್‌ಮಾಸ್ತರ ಜೋಡಿ ಒಂದೀಟು ಚಾ ಕುಡದು ಬರ್ರಿ."

ಅವರಿಬ್ಬರೂ ಹೊರಗೆ ಹೋದ ಮೇಲೆ ಅಕ್ಕೋರು ಬಾಗಿಲು ಮುಂದೆ ಮಾಡಿ, ಕರಿಹಲಗೆಯ ಕಡೆ ತಿರುಗಿ ನಿಂತರು. "ನಾ ನೋಡಂಗಿಲ್ಲ. ಗಣಿತಕ್ಕ ಅಂಜವ್ರು ಕೈ ಎತ್ರಿ. ಮಾನಿಟರ್ ಎಣಸ್ತಾನ."

ನಾನು ಅರ್ಧ ಕೈ ಎತ್ತಿ, ಕಳ್ಳಿಯಂತೆ ಸುತ್ತ ನೋಡಿದೆ. ಬೆಂಚು ಬೆಂಚಿನಲ್ಲೂ ಕೈ! ಯಾವಾಗಲೂ ಮೊದಲು ಬರುತ್ತಿದ್ದ ಹುಡುಗಿಯದೂ ಮೇಲೆ. ಮಾನಿಟರ್ ಎಣಿಸುವುದು ಬಿಟ್ಟು ಬಾಯಿ ತೆರೆದು ಮುಂದೆ ನೋಡುತ್ತಿದ್ದ. ನಮಗೆ ಬೆನ್ನು ಹಾಕಿ ನಿಂತಿದ್ದ ಅಕ್ಕೋರ ಬಲಗೈ ಕೂಡ ಮೇಲಿತ್ತು.

ಹೊಟ್ಟೆ ಹಿಡಿದುಕೊಂಡು ನಕ್ಕೆವು. "ಏನ್ ನಗ್ತೀರಿ? ಅಂಜಕೊಂತನ ಕಲತೇನಿ, ಅಂಜಕೊಂತನ ಕಲಸಾಕತ್ತೇನಿ," ಎಂದು ಅವರೂ ನಕ್ಕರು. ಚಹಾ ಮುಗಿಸಿ ಬಂದ ಅತಿಥಿಗಳಿಗೆ ಖರೇ ಉತ್ತರ ಸಿಕ್ಕಿತು. ಹೆಡ್‌ಮಾಸ್ತರರು ಮಾತ್ರ ಇಂಗು ತಿಂದ ಮಂಗನಂತೆ ನಿಂತಿದ್ದರು. ನನಗೋ, ಎದೆಯ ಮೇಲಿನ ಭಾರ ಇಳಿದಷ್ಟು ಸಂತೋಷ. ಅಂಜಿಕೆ ಇದ್ದವರೂ ಗಣಿತ ಮಾಡಬಹುದು ಎಂದು ಅವತ್ತಿನವರೆಗೆ ಯಾರೂ ನನಗೆ ಹೇಳಿರಲಿಲ್ಲ.

ಸೈನ್ಸ್ ತೆಗೆದುಕೊಂಡೆ. ಈಗ ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ಗಣಿತವನ್ನೇ ಕಲಿಸುತ್ತೇನೆ.

ಅಕ್ಕೋರು ಹೋದ ವರ್ಷ ತೀರಿಕೊಂಡರು. ಅವರಿಗೆ ನಿಜವಾಗಿಯೂ ಅಂಜಿಕೆ ಇತ್ತೋ, ನನ್ನಂಥವಳಿಗಾಗಿ ಕೈ ಎತ್ತಿದರೋ… ಗುತ್ತಲವೇನು ದೂರವೇ, ಹೋದಾಗ ಕೇಳಿದರಾಯಿತು ಎಂದುಕೊಂಡೇ ಇದ್ದೆ.